ಒತ್ತಿಗೆ ಜಾಗ ಬಿಡು

ಕೈ ಚುರುಕಿದೆ ನಿನಗೆ, ಬಣ್ಣ ಕೂಡಿಸುವ ಕಣ್ಣೂ ಇದೆ. ಅವಸರ ಮಾತ್ರ ಸ್ವಲ್ಪ ಜಾಸ್ತಿ, ಮರಿ. ಹೋದ ವರ್ಷ ನೀನು ಮಾಡಿದ್ದಕ್ಕೆಲ್ಲ ಗುಂಡಗುಂಡಗಿನ ‘ಬಾಲೂ ತಮ್ಮ’ ಫಾಂಟ್. ನಾಮಕರಣದ ಕಾರ್ಡಿಗೂ ಅದೇ, ಪಕ್ಕದ ಮನೆ ಅಜ್ಜನ ವೈಕುಂಠ ಸಮಾರಾಧನೆಗೂ ಅದೇ. ಒಳ್ಳೆಯ ಫಾಂಟೇ ಅದು. ಆದರೆ ಸಾವಿನ ಕಾರ್ಡಿಗೆ ಅಷ್ಟೊಂದು ನಗುಮುಖ ಯಾಕೋ? ಈ ವರ್ಷ ನೋಡಿದರೆ ಎಲ್ಲವೂ ತೆಳ್ಳತೆಳ್ಳಗೆ.

ಹೊಸದು ಬೇಡ ಅನ್ನುವವನಲ್ಲ ನಾನು. ಎಷ್ಟೋ ಫ್ಯಾಷನ್‌ಗಳು ಎಲ್ಲೋ ಯಾರಿಗೋ ಇದ್ದ ತೊಂದರೆಗೆ ಅವರು ಕಂಡುಕೊಂಡ ದಾರಿ. ಆ ತೊಂದರೆ ನಿನಗೂ ಇದೆಯಾ, ಮೊದಲು ನೋಡಿಕೋ. 2015ರಲ್ಲಿ ಗೂಗಲ್ ತನ್ನ ಹೆಸರಿನ ಸೆರಿಫ್ ಅಕ್ಷರ, ಅಂದರೆ ತುದಿಗಳಲ್ಲಿ ಪುಟ್ಟ ಗೆರೆಯಿರುವ ಅಕ್ಷರ, ಬಿಟ್ಟು ಬೋಳು ಅಕ್ಷರಕ್ಕೆ ಹೋಯಿತು. ಫೋನು, ವಾಚುಗಳ ಪುಟ್ಟ ಪರದೆಯಲ್ಲೂ ಹೆಸರು ಸ್ಪಷ್ಟವಾಗಿ ಕಾಣಬೇಕಿತ್ತು, ಸರಿ. ಲಂಡನ್ನಿನ ಬಟ್ಟೆ ಕಂಪನಿ ಬರ್ಬರಿಯೂ 2018ರಲ್ಲಿ ಬೋಳು ಅಕ್ಷರ ಹಾಕಿಕೊಂಡಿತು. ಅಂಥ ಕಂಪನಿಗಳ ಹೆಸರೆಲ್ಲ ಒಂದೇ ಥರ ಕಾಣತೊಡಗಿದ್ದವು. 2023ರಲ್ಲಿ ಅದೇ ಬರ್ಬರಿ ಹಳೆಯ ಲೋಗೋದ ಕುದುರೆ ಸವಾರನನ್ನೂ ಸೆರಿಫನ್ನೂ ವಾಪಸ್ ಕರೆಸಿತು. ಅಮೆರಿಕದ ಬಟ್ಟೆ ಕಂಪನಿ ಗ್ಯಾಪ್ 2010ರಲ್ಲಿ ಹೆಲ್ವೆಟಿಕಾ ಎಂಬ ಬೋಳು ಫಾಂಟ್ ತೊಟ್ಟು, ಜನ ಬೈದ ಮೇಲೆ ವಾರದ ಹೊತ್ತಿಗೆ ಹಳೆಯದಕ್ಕೇ ಮರಳಿತ್ತು. ಅವರಿಗೆ ಬೋರ್ಡು ಬದಲಿಸುವ ದುಡ್ಡಿದೆ. ನಿನ್ನ ಹತ್ತಿರ ಬರುವ ಬೇಕರಿಯವರು ಒಮ್ಮೆ ಹಾಕಿಸಿದರೆ ಬಿಸಿಲು ಮಳೆಗೆ ಬಣ್ಣ ಹೋಗುವವರೆಗೂ ಅದೇ.

ತೆಳು ಅಕ್ಷರದ ಕಥೆಯೂ ಅಷ್ಟೆ. 2013ರಲ್ಲಿ ಆಪಲ್ ತನ್ನ ಫೋನಿನ ಐಓಎಸ್ 7ಕ್ಕೆ ತೆಳು ಅಕ್ಷರ ತಂದಾಗ ಆ ಫೋನಿನ ಪರದೆ ಅಷ್ಟು ನಯವಾಗಿತ್ತು. ಆದರೂ ಓದಲಾಗುತ್ತಿಲ್ಲ ಎಂದು ಗೊಣಗಿದವರಿದ್ದರು. ಅಕ್ಷರ ದಪ್ಪ ಮಾಡಿಕೊಳ್ಳುವ ಸೆಟ್ಟಿಂಗನ್ನೂ ಅದರಲ್ಲೇ ಇಟ್ಟಿದ್ದರು. ನೀನು ಅದನ್ನು ತಂದು ಫ್ಲೆಕ್ಸಿಗೆ ಹಾಕಿ ರಣಬಿಸಿಲಿನಲ್ಲಿ ತೂಗುಹಾಕಿದರೆ ಯಾರು ಓದಬೇಕು?

ಇಂಗ್ಲಿಷಿನ ದೊಡ್ಡಕ್ಷರ ಗೆರೆಯ ಮೇಲೆ ನೆಟ್ಟಗೆ ನಿಲ್ಲುತ್ತದೆ. ಸಾಲಿಗೆ ಸಾಲು ಒತ್ತರಿಸಿ ಜೋಡಿಸಿದರೂ ಚಂದವೇ. ನಮ್ಮದು ಹಾಗಲ್ಲ. ಮೇಲೆ ತಲೆಕಟ್ಟು, ಗುಡಿಸು, ಪಕ್ಕದಲ್ಲಿ ದೀರ್ಘ, ಕೆಳಗೆ ಒತ್ತು, ಕೆಲವೊಮ್ಮೆ ಆ ಒತ್ತಿಗೂ ಇನ್ನೊಂದು ಒತ್ತು. ಇಂಗ್ಲಿಷ್ ಪೋಸ್ಟರ್ ನೋಡಿಕೊಂಡು ಸಾಲು ಬಿಗಿದರೆ ‘ರಾಷ್ಟ್ರೀಯ’ದ ಒತ್ತು ಕೆಳಗಿನ ಸಾಲಿನ ‘ಸಮಿತಿ’ಯ ಗುಡಿಸಿನ ಮೇಲೆ ಬಂದು ಕೂರುತ್ತದೆ. ಅಕ್ಷರಗಳ ನಡುವೆ ಸಿಕ್ಕಾಪಟ್ಟೆ ಜಾಗ ಬಿಟ್ಟರೆ ದೀರ್ಘ ತನ್ನ ಅಕ್ಷರದ ಕೈಬಿಟ್ಟು ದೂರ ಹೋಗುತ್ತದೆ. ಹಳೆಯ ಬೋರ್ಡ್ ಪೇಂಟರ್‌ಗಳು ಸೀಮೆಸುಣ್ಣದಲ್ಲಿ ಗೆರೆ ಹೊಡೆಯುವಾಗಲೇ ಒತ್ತಿಗೆ ಜಾಗ ಬಿಡುತ್ತಿದ್ದರು. ಯಾವ ಒತ್ತು ಎಲ್ಲಿಯವರೆಗೆ ಇಳಿಯುತ್ತದೆ ಅಂತ ಅವರ ಕೈಗೇ ಗೊತ್ತಿತ್ತು. ನಿನ್ನ ಕೈಗೂ ಗೊತ್ತಾಗಬೇಕಾದರೆ ಮೌಸ್ ಪಕ್ಕಕ್ಕಿಟ್ಟು ದಿನಾ ಒಂದು ಪುಟ ಪೆನ್ನಿನಲ್ಲಿ ಬರೆ. ನಗಬೇಡ, ನಿಜವಾಗಿ ಹೇಳುತ್ತಿದ್ದೇನೆ.

ಹೊಸ ಫಾಂಟ್ ಸಿಕ್ಕಿದ ಕೂಡಲೇ ನಿನ್ನ ಹೆಸರು ಬರೆದು ಕುಣಿಯಬೇಡ. ‘ಜ್ಯೋತ್ಸ್ನೆ’ ಬರೆ, ‘ಸ್ತ್ರೀ’ ಬರೆ, ‘ಲಕ್ಷ್ಮೀ’ ಬರೆ. ‘ದನ’ದ ಪಕ್ಕ ‘ಧನ’ ಇಟ್ಟು, ಪ್ರಿಂಟ್ ತೆಗೆದು ಗೋಡೆಗೆ ಅಂಟಿಸಿ ಹಿಂದೆ ಸರಿದು ನೋಡು. ದನ ಯಾವುದು ಧನ ಯಾವುದು ತಿಳಿಯದಿದ್ದರೆ ಆ ಫಾಂಟ್ ಬೋರ್ಡಿಗಲ್ಲ.

ನಾಮಫಲಕದಲ್ಲಿ ಶೇಕಡಾ 60ರಷ್ಟು ಕನ್ನಡ ಇರಲೇಬೇಕು ಅಂತ ಕರ್ನಾಟಕದಲ್ಲಿ 2024ರಲ್ಲಿ ಕಾನೂನೇ ಬಂತು. ಕೆಲಸಕ್ಕೆ ಕೊರತೆಯಿಲ್ಲ ನಿನಗೆ. ಇಂಗ್ಲಿಷ್ ಲೋಗೋ ತಂದು ‘ಇದೇ ಥರ ಕನ್ನಡದಲ್ಲಿ ಎಳೆದುಕೊಡಿ’ ಅನ್ನುವವರೂ ಬರುತ್ತಾರೆ. ತಲೆಕಟ್ಟು ಕತ್ತರಿಸಿ, ಒತ್ತು ಕುಗ್ಗಿಸಿ ಅದರೊಳಗೆ ತುರುಕಲು ಹೋಗಬೇಡ. ಹಾಗಂತ ಗಿರಾಕಿ ಹತ್ತಿರ ಜಗಳವೂ ಬೇಡ. ಅಂಗಡಿ ಎದುರಿನ ರಸ್ತೆ ಎಷ್ಟು ಅಗಲ, ಜನ ನಡೆದು ಬರುತ್ತಾರಾ, ಬಸ್ಸಿನಲ್ಲಿ ಕೂತು ನೋಡುತ್ತಾರಾ ಕೇಳು. ಅವರು ಹೇಳಿದ್ದೊಂದು, ನಿನಗೆ ಸರಿ ಅನ್ನಿಸಿದ್ದೊಂದು, ಎರಡು ಮಾದರಿ ಮಾಡು. ಕಂಪ್ಯೂಟರಿನಲ್ಲಿ ತೋರಿಸಬೇಡ, ಎರಡನ್ನೂ ಅಂಗಡಿ ಮುಂದೆ ಕಟ್ಟಿಸಿ, ಅವರನ್ನು ರಸ್ತೆಯಾಚೆಗೆ ಕರೆದುಕೊಂಡು ಹೋಗಿ ಓದಿಸು.