ದುಡಿಮೆಯ ಗೌರವ ಕಾಯ್ದ ನ್ಯಾಯವಾದಿ

ದುಡಿಮೆ ಮನುಷ್ಯನಿಗೆ ಅನ್ನವನ್ನು ಕೊಡುತ್ತದೆ. ಅದರೊಡನೆ ಗೌರವವನ್ನೂ ಕೊಡುತ್ತದೆ. ಒಂದೇ ಕೆಲಸವನ್ನು ಸಮನಾಗಿ ಮಾಡುವ ಇಬ್ಬರಲ್ಲಿ ಒಬ್ಬರಿಗೆ ಹೆಚ್ಚು, ಮತ್ತೊಬ್ಬರಿಗೆ ಕಡಿಮೆ ಸಂಬಳ ಸಂದರೆ ಅಲ್ಲಿ ಕಳೆದುಹೋಗುವುದು ಹಣ ಮಾತ್ರವಲ್ಲ. ಇಂತಹ ಭೇದವನ್ನು ಸ್ವತಃ ಅನುಭವಿಸಿ, ಅದನ್ನು ನ್ಯಾಯಾಲಯದಲ್ಲಿ ಪ್ರಶ್ನಿಸುವುದನ್ನೇ ವೃತ್ತಿಯನ್ನಾಗಿ ಮಾಡಿಕೊಂಡವರು ಅಮೆರಿಕದ ರೂತ್ ಬೇಡರ್ ಗಿನ್ಸ್‌ಬರ್ಗ್.

ರೂತ್ 1933ರಲ್ಲಿ ನ್ಯೂಯಾರ್ಕ್ ನಗರದ ಬ್ರೂಕ್ಲಿನ್‌ನಲ್ಲಿ ಜನಿಸಿದರು. ಮಗಳ ವಿದ್ಯಾಭ್ಯಾಸಕ್ಕೆಂದು ಹಣ ಕೂಡಿಟ್ಟಿದ್ದ ತಾಯಿ, ಮಗಳು ಪ್ರೌಢಶಾಲೆಯನ್ನು ಮುಗಿಸುವ ಹೊತ್ತಿಗೆ ಕ್ಯಾನ್ಸರ್ ರೋಗದಿಂದ ತೀರಿಕೊಂಡರು. 1956ರಲ್ಲಿ ರೂತ್ ಹಾರ್ವರ್ಡ್ ನ್ಯಾಯಶಾಲೆಯನ್ನು ಸೇರಿದಾಗ ಸುಮಾರು ಐನೂರು ಮಂದಿಯ ತರಗತಿಯಲ್ಲಿ ಮಹಿಳೆಯರು ಒಂಬತ್ತೇ ಜನ. ಮನೆಯಲ್ಲಿ ಎಳೆಯ ಕೂಸು. ಕೆಲಕಾಲದಲ್ಲಿಯೇ ಪತಿಗೂ ಕ್ಯಾನ್ಸರ್. ಇವೆಲ್ಲವನ್ನೂ ನಿಭಾಯಿಸುತ್ತಲೇ ಓದಿದ ಆಕೆ, 1959ರಲ್ಲಿ ಕೊಲಂಬಿಯಾ ವಿಶ್ವವಿದ್ಯಾನಿಲಯದಿಂದ ಮೊದಲ ಸ್ಥಾನವನ್ನು ಹಂಚಿಕೊಂಡು ಪದವಿ ಪಡೆದರು. ಆದರೇನು? ನ್ಯೂಯಾರ್ಕಿನ ಒಂದು ವಕೀಲ ಸಂಸ್ಥೆಯೂ ಆಕೆಗೆ ಕೆಲಸ ಕೊಡಲಿಲ್ಲ. ಯೆಹೂದಿ, ಹೆಣ್ಣು, ಮೇಲಾಗಿ ತಾಯಿ ಎಂಬ ಮೂರೂ ಆಕೆಯ ಹಾದಿಗೆ ಅಡ್ಡವಾಗಿದ್ದವು.

1963ರಲ್ಲಿ ರಟ್ಗರ್ಸ್ ವಿಶ್ವವಿದ್ಯಾನಿಲಯದಲ್ಲಿ ಅಧ್ಯಾಪಕ ಹುದ್ದೆ ದೊರೆಯಿತು. ಪತಿಗೆ ಒಳ್ಳೆಯ ಸಂಪಾದನೆಯಿದೆ ಎಂಬ ಕಾರಣಕ್ಕೆ ಆಕೆಯ ಸಂಬಳ ಮಾತ್ರ ಗಂಡಸರಿಗಿಂತ ಕಡಿಮೆಯಾಗಿತ್ತು. ಮುಂದೆ ಅಲ್ಲಿಯ ಅಧ್ಯಾಪಕಿಯರು ಒಟ್ಟಾಗಿ ಹೋರಾಡಿ ಸಮಾನ ವೇತನವನ್ನು ಪಡೆದರು. ಎರಡನೆಯ ಬಾರಿ ಗರ್ಭಿಣಿಯಾದಾಗ, ನೌಕರಿಯನ್ನು ಕಳೆದುಕೊಳ್ಳುವ ಭಯದಿಂದ ರೂತ್ ಸಡಿಲವಾದ ಉಡುಪು ತೊಟ್ಟು ಅದನ್ನು ಮರೆಮಾಚಬೇಕಾಯಿತು.

1972ರಲ್ಲಿ ಅಮೆರಿಕದ ನಾಗರಿಕ ಸ್ವಾತಂತ್ರ್ಯ ಒಕ್ಕೂಟದಲ್ಲಿ ಮಹಿಳಾ ಹಕ್ಕುಗಳ ವಿಭಾಗವೊಂದು ಆರಂಭವಾಯಿತು. ಅದರ ಸ್ಥಾಪಕರಲ್ಲಿ ರೂತ್ ಒಬ್ಬರು. ಆಗಿನ ಸರ್ವೋಚ್ಚ ನ್ಯಾಯಾಲಯದ ಒಂಬತ್ತು ನ್ಯಾಯಮೂರ್ತಿಗಳೂ ಪುರುಷರು. ಹೆಣ್ಣಿಗೆ ಬೇರೆ ನಿಯಮ ಮಾಡುವುದು ಆಕೆಯ ಮೇಲಿನ ಕರುಣೆಯೆಂದೇ ಸಮಾಜವು ಬಗೆದಿದ್ದ ಕಾಲವದು. ಆ ಕರುಣೆಯೇ ಪಂಜರವಾಗಿದೆ ಎಂಬುದನ್ನು ಮನಗಾಣಿಸಬೇಕಾಗಿತ್ತು. ಎಲ್ಲವನ್ನೂ ಒಂದೇ ಮೊಕದ್ದಮೆಯಲ್ಲಿ ಬೇಡಲು ರೂತ್ ಹೋಗಲಿಲ್ಲ. ಕಲ್ಲಿನ ಮೇಲೆ ಕಲ್ಲಿಟ್ಟು ಗೋಡೆ ಕಟ್ಟುವಂತೆ, ಒಂದು ತೀರ್ಪಿನ ಮೇಲೆ ಮತ್ತೊಂದು ತೀರ್ಪನ್ನು ನಿಲ್ಲಿಸಿದರು.

ವಾಯುಪಡೆಯ ಲೆಫ್ಟಿನೆಂಟ್ ಶಾರನ್ ಫ್ರಾಂಟಿಯೆರೊ ಅವರ ಮೊಕದ್ದಮೆ ಇದಕ್ಕೆ ನಿದರ್ಶನ. ಪುರುಷ ಅಧಿಕಾರಿಯ ಹೆಂಡತಿಗೆ ವಸತಿ ಭತ್ಯೆ, ವೈದ್ಯಕೀಯ ಸೌಲಭ್ಯಗಳು ತಾವಾಗಿಯೇ ದೊರೆಯುತ್ತಿದ್ದವು. ಮಹಿಳಾ ಅಧಿಕಾರಿಯಾದರೋ, ತನ್ನ ಗಂಡನ ಜೀವನವೆಚ್ಚದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ತಾನೇ ಭರಿಸುತ್ತಿರುವುದಾಗಿ ರುಜುವಾತು ಪಡಿಸಬೇಕಾಗಿತ್ತು. ಸರ್ವೋಚ್ಚ ನ್ಯಾಯಾಲಯದ ಮುಂದೆ ರೂತ್ ಮೊದಲ ಬಾರಿಗೆ ವಾದಿಸಿದ್ದು ಈ ಮೊಕದ್ದಮೆಯಲ್ಲಿಯೇ. 1973ರಲ್ಲಿ ಒಂಬತ್ತರಲ್ಲಿ ಎಂಟು ನ್ಯಾಯಮೂರ್ತಿಗಳು ಆ ನಿಯಮದ ವಿರುದ್ಧ ತೀರ್ಪಿತ್ತರು.

ಮತ್ತೊಂದು ಮೊಕದ್ದಮೆಯಲ್ಲಿ ಆಕೆಯ ಕಕ್ಷಿದಾರ ಒಬ್ಬ ಗಂಡಸು. ಶಿಕ್ಷಕಿಯಾಗಿದ್ದ ಅವನ ಹೆಂಡತಿ ಹೆರಿಗೆಯಲ್ಲಿ ತೀರಿಕೊಂಡಿದ್ದಳು. ತಾಯಿಯಿಲ್ಲದ ಕೂಸನ್ನು ಸಾಕಲು ಅವನು ಸಾಮಾಜಿಕ ಭದ್ರತಾ ನಿಧಿಯ ನೆರವು ಕೋರಿದಾಗ, ಅದು ವಿಧವೆಯರಿಗೆ ಮಾತ್ರ ಎಂಬ ಉತ್ತರ ಬಂದಿತು. ಆ ಹೆಂಡತಿಯೂ ತನ್ನ ಸಂಬಳದಿಂದ ನಿಧಿಗೆ ಹಣ ತೆತ್ತಿದ್ದಳಲ್ಲವೆ? ಆಕೆಯ ದುಡಿಮೆಗೆ ಮಾತ್ರ ಬೆಲೆ ಕಡಿಮೆಯೆ? ಈ ವಾದಕ್ಕೆ 1975ರಲ್ಲಿ ಒಮ್ಮತದ ಜಯ ದೊರೆಯಿತು. ಭೇದವು ಹೆಣ್ಣನ್ನು ನೋಯಿಸುವುದಲ್ಲದೆ ಗಂಡನ್ನೂ ಮಗುವನ್ನೂ ನೋಯಿಸುತ್ತದೆಂದು ಲೋಕ ಅರಿಯಿತು. ಸರ್ವೋಚ್ಚ ನ್ಯಾಯಾಲಯದಲ್ಲಿ ರೂತ್ ಒಟ್ಟು ಆರು ಮೊಕದ್ದಮೆಗಳನ್ನು ವಾದಿಸಿ, ಐದರಲ್ಲಿ ಗೆದ್ದರು.

1993ರಲ್ಲಿ ಆಕೆಯೇ ಆ ನ್ಯಾಯಾಲಯದ ನ್ಯಾಯಮೂರ್ತಿಯಾದರು. 2007ರಲ್ಲಿ ಲಿಲ್ಲಿ ಲೆಡ್‌ಬೆಟರ್ ಎಂಬ ಮಹಿಳೆಯ ಮೊಕದ್ದಮೆ ಬಂದಿತು. ಟೈರ್ ಕಾರ್ಖಾನೆಯೊಂದರ ಮೇಲ್ವಿಚಾರಕಿಯಾಗಿದ್ದ ಆಕೆಗೆ, ತನ್ನ ಸಂಬಳ ಗಂಡಸರಿಗಿಂತ ಕಡಿಮೆಯೆಂಬುದು ಬಹುಕಾಲದ ಮೇಲೆ ತಿಳಿದಿತ್ತು. ಸಂಬಳ ಗೊತ್ತುಪಡಿಸಿದ 180 ದಿನಗಳೊಳಗೆ ದೂರು ಕೊಡಬೇಕಾಗಿತ್ತೆಂದು ಐವರು ನ್ಯಾಯಮೂರ್ತಿಗಳು ತೀರ್ಪಿತ್ತರು. ಬಚ್ಚಿಟ್ಟ ಅನ್ಯಾಯವನ್ನು ಒಡನೆಯೇ ದೂರುವುದೆಂತು? ರೂತ್ ತಮ್ಮ ಭಿನ್ನಮತವನ್ನು ಪೀಠದಿಂದಲೇ ಓದಿ, ಕಾನೂನನ್ನು ತಿದ್ದುವಂತೆ ಶಾಸನಸಭೆಗೆ ಕರೆಯಿತ್ತರು. 2009ರಲ್ಲಿ ಅಂತಹ ಕಾಯಿದೆ ಜಾರಿಗೆ ಬಂದಿತು.

ಈ ಪ್ರಶ್ನೆ ಒಂದು ನಾಡಿಗೆ ಮಾತ್ರ ಸೇರಿದುದಲ್ಲ. ಭಾರತೀಯ ವಿದೇಶಾಂಗ ಸೇವೆಯ ಮೊದಲ ಮಹಿಳೆ, ಕೊಡಗಿನ ಸಿ.ಬಿ. ಮುತ್ತಮ್ಮನವರೂ ಬಡ್ತಿ ದೊರೆಯದಿದ್ದಾಗ ನಮ್ಮ ಸರ್ವೋಚ್ಚ ನ್ಯಾಯಾಲಯದ ಮೆಟ್ಟಿಲೇರಿದರು. ಆ ಸೇವೆಯ ಮಹಿಳೆ ಮದುವೆಯಾಗಲು ಸರ್ಕಾರದ ಅನುಮತಿ ಪಡೆಯಬೇಕೆಂಬ ನಿಯಮ ಆಗ ಇದ್ದಿತು. ಮೊಕದ್ದಮೆ ನಡೆಯುತ್ತಿರುವಾಗಲೇ ಬಡ್ತಿ ದೊರೆಯಿತು. ಸೇವಾ ನಿಯಮಗಳಲ್ಲಿ ಲಿಂಗಭೇದದ ಕಲೆ ಉಳಿಯಬಾರದೆಂದು 1979ರಲ್ಲಿ ನ್ಯಾಯಮೂರ್ತಿ ವಿ.ಆರ್. ಕೃಷ್ಣ ಅಯ್ಯರ್ ಅವರು ಎಚ್ಚರಿಸಿದರು.

ರೂತ್ 2020ರಲ್ಲಿ, ತಮ್ಮ 87ನೆಯ ವಯಸ್ಸಿನಲ್ಲಿ ನಿಧನರಾದರು. ತಮಗಾದ ಅನ್ಯಾಯವನ್ನು ಆಕೆ ದ್ವೇಷವಾಗಿಸಿಕೊಳ್ಳದೆ ವಾದವಾಗಿಸಿದರು. ತಾಳ್ಮೆಯೂ ವಿದ್ಯೆಯೂ ಕೂಡಿದಲ್ಲಿ ಹಳೆಯ ಪಂಜರದ ಸರಳುಗಳೂ ಒಂದೊಂದಾಗಿ ಕಳಚಿ ಬೀಳುತ್ತವೆ.

ಪ್ರಶ್ನೆಗಳು

1. ರೂತ್ ಅವರಿಗೆ ವಕೀಲ ಸಂಸ್ಥೆಗಳಲ್ಲಿ ಕೆಲಸ ದೊರೆಯದಿರಲು ಕಾರಣಗಳೇನು?
2. ‘ಆ ಕರುಣೆಯೇ ಪಂಜರವಾಗಿದೆ’ – ಈ ಮಾತನ್ನು ಒಂದು ಮೊಕದ್ದಮೆಯ ಆಧಾರದಿಂದ ವಿವರಿಸಿರಿ.
3. ಲಿಲ್ಲಿ ಲೆಡ್‌ಬೆಟರ್ ಅವರ ಮೊಕದ್ದಮೆಯ ಫಲವಾಗಿ ಆದ ಬದಲಾವಣೆ ಯಾವುದು?