ಬ್ರೌಸರ್ ಗುಂಡಿಗಳು: ವರ್ತಕರು ಗಮನಿಸಬೇಕಾದ ಅಂಶಗಳು

ಜಿ.ಎಸ್.ಟಿ. ರಿಟರ್ನ್, ಇ-ವೇ ಬಿಲ್, ಬ್ಯಾಂಕ್ ಪಾವತಿ ಮುಂತಾದ ಕಾರ್ಯಗಳು ಇಂದು ಬ್ರೌಸರ್ ಮೂಲಕವೇ ನಡೆಯುತ್ತಿವೆ. ಆದರೂ ಅದರ ಮೇಲ್ಭಾಗದ ಟೂಲ್‌ಬಾರ್‌ನಲ್ಲಿ ಯಾವ ಗುಂಡಿ ಇರಬೇಕು, ಅದಕ್ಕೆ ಎಷ್ಟು ಅಧಿಕಾರವಿರಬೇಕು ಎಂಬುದನ್ನು ಪರಿಶೀಲಿಸುವವರು ವಿರಳ.

ಈ ಗುಂಡಿಗಳಲ್ಲಿ ಎರಡು ಬಗೆ. ಡೌನ್‌ಲೋಡ್ ಪಟ್ಟಿಯಂತಹವು ಇಡೀ ಬ್ರೌಸರ್‌ಗೆ ಸಂಬಂಧಿಸಿದವು. ಪುಟವನ್ನು ಮುದ್ರಿಸುವುದು, ಅದರ ವಿಳಾಸವನ್ನು ಗುರುತಿಟ್ಟುಕೊಳ್ಳುವುದು ಮುಂತಾದವು ತೆರೆದಿರುವ ಪುಟಕ್ಕೆ ಮಾತ್ರ ಅನ್ವಯಿಸುವವು. ನವೆಂಬರ್ 2017ರಲ್ಲಿ ಬಂದ ಫೈರ್‌ಫಾಕ್ಸ್ 57ನೇ ಆವೃತ್ತಿಯು ಪುಟದ ಕಾರ್ಯಗಳನ್ನು ವಿಳಾಸಪಟ್ಟಿಯ ಮೂರು ಚುಕ್ಕೆಗಳ ಮೆನುವಿನಲ್ಲಿ ಒಟ್ಟುಗೂಡಿಸಿತು. ಬಳಕೆದಾರರು ತಮಗೆ ಬೇಕಾದುದನ್ನು ಅಲ್ಲಿಂದ ವಿಳಾಸಪಟ್ಟಿಗೆ ತರಬಹುದಾಗಿತ್ತು. ಜೂನ್ 2021ರ 89ನೇ ಆವೃತ್ತಿಯಲ್ಲಿ ಆ ಮೆನುವನ್ನು ಕೈಬಿಡಲಾಯಿತು. ಗುರುತಿಡುವ ನಕ್ಷತ್ರ ಮಾತ್ರ ಸ್ವಸ್ಥಾನದಲ್ಲಿ ಉಳಿಯಿತು. ಕ್ರೋಮ್‌ನಲ್ಲಿಯೂ ವಿಸ್ತರಣೆಗಳ ಈ ಎರಡು ಬಗೆಯ ಗುಂಡಿಗಳು 'ಮ್ಯಾನಿಫೆಸ್ಟ್ 3' ನಿಯಮಾವಳಿಯಲ್ಲಿ ಒಂದಾದವು.

ಗುಂಡಿಗಳ ಆಯ್ಕೆಗೆ ಬಳಕೆಯ ಆವರ್ತನವೇ ಮಾನದಂಡವಾಗಬೇಕು. ದಿನಕ್ಕೆ ಹತ್ತು ಬಾರಿ ರಸೀದಿ ಮುದ್ರಿಸುವ ಕಚೇರಿಯಲ್ಲಿ ಮುದ್ರಣದ ಗುಂಡಿ ಕಣ್ಣೆದುರಿಗಿರಬೇಕು. ಫೈರ್‌ಫಾಕ್ಸ್‌ನಲ್ಲಿ ಟೂಲ್‌ಬಾರ್‌ನ ಖಾಲಿ ಜಾಗದ ಮೇಲೆ ಮೌಸ್‌ನ ಬಲಗುಂಡಿ ಒತ್ತಿ, 'ಕಸ್ಟಮೈಸ್ ಟೂಲ್‌ಬಾರ್' ಆಯ್ದು, ಬೇಕಾದ ಗುಂಡಿಯನ್ನು ಎಳೆದು ತರಬಹುದು. ಕ್ರೋಮ್‌ನಲ್ಲಿ ವಿಸ್ತರಣೆಗಳ ಗುಂಡಿಯನ್ನು ಪಜಲ್ ಚಿಹ್ನೆಯ ಪಟ್ಟಿಯಿಂದ ಟೂಲ್‌ಬಾರ್‌ಗೆ 'ಪಿನ್' ಮಾಡಬಹುದು.

ಇಲ್ಲಿ ಒಂದು ಎಚ್ಚರಿಕೆ ಅಗತ್ಯ. ವಿಸ್ತರಣೆಯ ಗುಂಡಿಯನ್ನು ಮರೆಮಾಡಿದರೆ ವಿಸ್ತರಣೆಯು ನಿಂತುಹೋಗುವುದಿಲ್ಲ. ಅಂಗಡಿಯ ನಾಮಫಲಕದಿಂದ ಹೆಸರು ತೆಗೆದ ಮಾತ್ರಕ್ಕೆ ಮುಖ್ತ್ಯಾರನಾಮೆ ರದ್ದಾಗದು. ಎಲ್ಲ ಜಾಲತಾಣಗಳನ್ನು ಓದುವ ಅನುಮತಿ ಪಡೆದ ವಿಸ್ತರಣೆಯು, ಗುಂಡಿ ಕಾಣದಿದ್ದರೂ, ಬ್ಯಾಂಕಿನ ಪುಟವನ್ನೂ ಓದಬಲ್ಲದು. ಬೇಡವಾದುದನ್ನು ಪೂರ್ಣವಾಗಿ ತೆಗೆದುಹಾಕಬೇಕು. ಬೇಕಾದುದಕ್ಕೆ ಕ್ರೋಮ್‌ನಲ್ಲಿ, ಸಾಧ್ಯವಿರುವೆಡೆ, ಕ್ಲಿಕ್ಕಿಸಿದಾಗ ಮಾತ್ರ ಪುಟವನ್ನು ಓದುವ ಅನುಮತಿಯನ್ನು ಆಯ್ದುಕೊಳ್ಳಬೇಕು.

ಸಂಸ್ಥೆಗೆಂದೇ ಇಂತಹ ಗುಂಡಿಯನ್ನು ತಯಾರಿಸಿಕೊಳ್ಳುವವರು ತಂತ್ರಾಂಶಗಾರರಿಗೆ ಮೂರು ಷರತ್ತು ವಿಧಿಸುವುದು ಒಳಿತು:

1. ಗುಂಡಿಯು ಸಂಬಂಧಪಟ್ಟ ಪುಟದಲ್ಲಿ ಮಾತ್ರ ಸಕ್ರಿಯವಾಗಬೇಕು.
2. ಮೌಸ್ ಅನ್ನು ಅದರ ಮೇಲಿರಿಸಿದಾಗ ಅದರ ಕೆಲಸವನ್ನು ತಿಳಿಸುವ ಪದ ಕಾಣಬೇಕು.
3. ಕ್ಲಿಕ್ಕಿಸುವವರೆಗೆ ಅದು ಪುಟದ ಯಾವ ಮಾಹಿತಿಯನ್ನೂ ಓದಬಾರದು.

ತಿಂಗಳ ಲೆಕ್ಕ ಮುಗಿಸುವಾಗ ನಗದು ಶಿಲ್ಕನ್ನು ತಾಳೆ ನೋಡುವಂತೆ, ಕಚೇರಿಯ ಪ್ರತಿ ಗಣಕದಲ್ಲಿರುವ ವಿಸ್ತರಣೆಗಳ ಪಟ್ಟಿಯನ್ನೂ ಪರಿಶೀಲಿಸುವ ಪದ್ಧತಿಯನ್ನು ವರ್ತಕರು ರೂಢಿಸಿಕೊಳ್ಳುವುದು ಅಪೇಕ್ಷಣೀಯ.