ಹಾರುವ ಆಮೆ ಮತ್ತು ಏಳು ನಿಮಿಷದ ಕಾರ್ಟೂನ್

ಮಕ್ಕಳೇ, ಒಂದು ಪ್ರಶ್ನೆ. 'ಟಾಮ್ ಅಂಡ್ ಜೆರ್ರಿ'ಯಲ್ಲಿ ಬೆಕ್ಕಿನ ಹೆಸರೇನು? ಟಾಮ್ ಅಂದ್ರಾ? ಮೊದಲು ಅದರ ಹೆಸರು ಜಾಸ್ಪರ್! 1940ರಲ್ಲಿ ಬಂದ ಅವರ ಮೊಟ್ಟಮೊದಲ ಚಿತ್ರದಲ್ಲಿ ಬೆಕ್ಕನ್ನು ಹಾಗೇ ಕೂಗುತ್ತಾರೆ. ಇಲಿಗಂತೂ ಅದರಲ್ಲಿ ಹೆಸರೇ ಇಲ್ಲ. ವಿಲಿಯಂ ಹ್ಯಾನಾ ಮತ್ತು ಜೋಸೆಫ್ ಬಾರ್ಬೆರಾ ಮಾಡಿದ ಆ ಚಿಕ್ಕ ಚಿತ್ರವನ್ನು ಮುಂದುವರಿಸುವ ಯೋಚನೆ ಸ್ಟುಡಿಯೋದವರಿಗೆ ಇರಲಿಲ್ಲ. ಬೆಕ್ಕು-ಇಲಿ ಕಥೆಗಳು ಆಗಲೇ ಬೇಕಾದಷ್ಟಿವೆ ಅಂತ ಅವರ ಲೆಕ್ಕ. ಆದರೆ ಜನ ನಕ್ಕರು, ಇನ್ನೂ ಬೇಕು ಅಂದರು, ಚಿತ್ರ ಆಸ್ಕರ್‌ಗೂ ನಾಮನಿರ್ದೇಶನವಾಯಿತು. ಆಮೇಲೆ ಹೊಸ ಹೆಸರಿಟ್ಟು ಸರಣಿ ಶುರು ಮಾಡಿದರು.

ಈ ಕಥೆ ನೆನಪಾಗಿದ್ದು ನಮ್ಮ ಶನಿವಾರದ ತರಗತಿಯ ಒಬ್ಬ ಹುಡುಗನಿಂದ. ಬಿಡುವಿನಲ್ಲಿ ಒಂದು ನೋಟ್‌ಬುಕ್ ತಂದು ತೋರಿಸಿದ. ಅವನ ಕಾರ್ಟೂನ್ ನಾಯಕ ಒಂದು ಹಾರುವ ಆಮೆ. ಪುಟದ ಮೇಲೆ ಪುಟ, ನೂರು ಎಪಿಸೋಡ್‌ಗಳ ಹೆಸರು ಬರೆದಿಟ್ಟಿದ್ದಾನೆ. "ಅಂಕಲ್, ಇದನ್ನ ಟಿವಿಯವರಿಗೆ ಹೇಗೆ ಕೊಡೋದು?" ಅಂದ. ಮೊದಲನೇ ಎಪಿಸೋಡ್ ತೋರಿಸಪ್ಪಾ ಅಂದೆ. "ಅದನ್ನ ಇನ್ನೂ ಮಾಡಿಲ್ಲ."

ನನಗೆ ನಗು ಬರಲಿಲ್ಲ. ನಾನೂ ಒಮ್ಮೆ ಆರು ತಿಂಗಳು ಕೂತು, ಯಾರಿಗೂ ಒಂದು ಚೂರೂ ತೋರಿಸದೆ, ದೊಡ್ಡ ಸಾಫ್ಟ್‌ವೇರ್ ಬರೆದಿದ್ದೆ. ಬಳಸಬೇಕಾದವರು ಎರಡೇ ದಿನದಲ್ಲಿ ಬೇಡ ಅಂದರು.

ಟಿವಿ ಸ್ಟುಡಿಯೋಗಳಿಗೂ ಇದೇ ಭಯ. ಕಾರ್ಟೂನ್ ಸರಣಿ ಅಂದರೆ ಬಹಳ ಜನರ ಕೆಲಸ, ಬಹಳ ತಿಂಗಳು, ಬಹಳ ದುಡ್ಡು. ಅದಕ್ಕೇ ಮೊದಲು ಒಂದು ಪುಟ್ಟ ಚಿತ್ರ ಮಾಡಿ ನೋಡುತ್ತಾರೆ. ಅದಕ್ಕೆ ಪೈಲಟ್ ಅಂತ ಹೆಸರು (ವಿಮಾನ ಓಡಿಸುವವರಲ್ಲ!). ಅಮ್ಮ ಹುಳಿಯನ್ನು ಬಡಿಸುವ ಮೊದಲು ಅಂಗೈಗೆ ಒಂದು ತೊಟ್ಟು ಹಾಕಿಕೊಂಡು ರುಚಿ ನೋಡ್ತಾರಲ್ಲ, ಹಾಗೆ.

ಇದನ್ನು ತುಂಬ ದೊಡ್ಡದಾಗಿ ಮಾಡಿದ್ದು 1990ರ ದಶಕದಲ್ಲಿ ಹ್ಯಾನಾ-ಬಾರ್ಬೆರಾ ಸ್ಟುಡಿಯೋ. ಆಗ ಅದರ ಅಧ್ಯಕ್ಷರಾಗಿದ್ದವರು ಫ್ರೆಡ್ ಸೈಬರ್ಟ್. ಒಂದೇ ಸರಣಿಯ ಮೇಲೆ ದುಡ್ಡೆಲ್ಲ ಸುರಿಯುವ ಬದಲು, ಬೇರೆ ಬೇರೆ ಕಲಾವಿದರಿಂದ ಸುಮಾರು ಏಳು ನಿಮಿಷದ 48 ಚಿತ್ರ ಮಾಡಿಸೋಣ ಅಂದರು. ಹಳೆಯ ಟಾಮ್ ಅಂಡ್ ಜೆರ್ರಿ ಚಿತ್ರಗಳೂ ಹೆಚ್ಚುಕಡಿಮೆ ಅಷ್ಟೇ ಉದ್ದ. 'ವಾಟ್ ಎ ಕಾರ್ಟೂನ್!' ಅನ್ನುವ ಹೆಸರಿನಲ್ಲಿ 1995ರಿಂದ ಅವು ಕಾರ್ಟೂನ್ ನೆಟ್‌ವರ್ಕ್‌ನಲ್ಲಿ ಬಂದವು.

ಕಲಾವಿದರು ತರಬೇಕಾಗಿದ್ದು ಸ್ಟೋರಿಬೋರ್ಡ್. ಕಾಮಿಕ್ ಪುಸ್ತಕದ ಹಾಗೆ ಸಾಲು ಸಾಲಾಗಿ ಚೌಕಗಳು, ಪ್ರತಿ ಚೌಕದಲ್ಲಿ ಒಂದು ಚಿತ್ರ, ಕೆಳಗೆ ಮಾತು. ಗೋಡೆಗೆ ಅಂಟಿಸಿ, ಕೋಲು ಹಿಡಿದು ಒಂದೊಂದೇ ಚೌಕ ತೋರಿಸುತ್ತಾ, ಎಲ್ಲ ಪಾತ್ರಗಳ ದನಿಯನ್ನೂ ತಾವೇ ಮಾಡುತ್ತಾ ಕಥೆ ಹೇಳುತ್ತಾರೆ. ನನಗಂತೂ ಹರಿಕಥೆ ನೆನಪಾಗುತ್ತೆ. ಎದುರಿಗಿದ್ದವರು ಎಲ್ಲಿ ನಕ್ಕರು, ಎಲ್ಲಿ ಆಕಳಿಸಿದರು ಅಂತ ಅಲ್ಲೇ ತಿಳಿಯುತ್ತೆ. ಆಮೇಲೆ ಅದೇ ಚಿತ್ರಗಳಿಗೆ ದನಿ ಸೇರಿಸಿ ಓಡಿಸಿ ನೋಡುತ್ತಾರೆ. ಅದು ಅನಿಮ್ಯಾಟಿಕ್. ತಪ್ಪು ತಿದ್ದೋದು ಇಲ್ಲಿಯವರೆಗೆ ಸುಲಭ. ನಿಜವಾದ ಅನಿಮೇಶನ್ ಶುರುವಾದ ಮೇಲೆ ದುಬಾರಿ.

ನಿಮ್ಮ ಅಪ್ಪ-ಅಮ್ಮ ಊರಲ್ಲಿ ಕೇಬಲ್ ಟಿವಿ ಮುಂದೆ ಕೂತು ನೋಡಿದ 'ಡೆಕ್ಸ್ಟರ್ಸ್ ಲ್ಯಾಬೊರೇಟರಿ' ಬಂದಿದ್ದು ಈ 48ರಿಂದಲೇ. ಗೆಂಡಿ ಟಾರ್ಟಕೋವ್‌ಸ್ಕಿ ಕಾಲೇಜಿನಲ್ಲಿ ಓದುವಾಗಲೇ ಡೆಕ್ಸ್ಟರ್‌ನನ್ನು ಬರೆದಿದ್ದರು. ಅದು 1996ರಲ್ಲಿ ಸರಣಿಯಾಯಿತು. ಎಲ್ಲಕ್ಕಿಂತ ಮೊದಲು ಪ್ರಸಾರವಾಗಿದ್ದು ಮಾತ್ರ 'ಪವರ್‌ಪಫ್ ಗರ್ಲ್ಸ್'. ಅದು ಸರಣಿಯಾಗಲು 1998ರವರೆಗೆ ಕಾಯಬೇಕಾಯಿತು. 'ಕರೇಜ್ ದ ಕವರ್ಡ್ಲಿ ಡಾಗ್' 1999ಕ್ಕೆ ಬಂತು. ಬಹುಪಾಲು ಚಿತ್ರಗಳು ಸರಣಿ ಆಗಲೇ ಇಲ್ಲ. ಆ ಸಾಲಿನಲ್ಲಿ ಯಾರಿದ್ದರು ಗೊತ್ತಾ? ಟಾಮ್ ಅಂಡ್ ಜೆರ್ರಿ ಮಾಡಿದ ಅದೇ ವಿಲಿಯಂ ಹ್ಯಾನಾ! ವಯಸ್ಸು 80 ದಾಟಿತ್ತು. ಹೊಸ ಹುಡುಗರ ಜೊತೆ ಅವರೂ ಒಂದು ಬಾತುಕೋಳಿಯ ಚಿತ್ರ ನಿರ್ದೇಶಿಸಿದರು. ಅದೂ ಸರಣಿಯಾಗಲಿಲ್ಲ.

'ಅಡ್ವೆಂಚರ್ ಟೈಮ್' ನೋಡಿರುವವರು ಕೈ ಎತ್ತಿ. ಪೆಂಡಲ್ಟನ್ ವಾರ್ಡ್ ಅದರ ಪೈಲಟ್ ಮಾಡಿದ್ದೂ ಸೈಬರ್ಟ್ ಅವರ ಇನ್ನೊಂದು ಯೋಜನೆಗೆ. ಅದರಲ್ಲಿ ಹುಡುಗನ ಹೆಸರು ಫಿನ್ ಅಲ್ಲ, ಪೆನ್. ನಿಕೆಲೋಡಿಯನ್ ಚಾನೆಲ್ ಸರಣಿ ಬೇಡ ಅಂದಿತು. ಅಷ್ಟರಲ್ಲಿ ಚಿತ್ರ ಇಂಟರ್‌ನೆಟ್‌ನಲ್ಲಿ ಹರಡಿ, ಜನ ಮತ್ತೆ ಮತ್ತೆ ನೋಡತೊಡಗಿದ್ದರು. ಆಗ ಕಾರ್ಟೂನ್ ನೆಟ್‌ವರ್ಕ್ ಕೇಳಿದ್ದು ಒಂದೇ: ಈ ಏಳು ನಿಮಿಷ ಚೆನ್ನಾಗಿದೆ, ಆದರೆ ಇದರಿಂದ ಇನ್ನೂ ಕಥೆ ಹುಟ್ಟುತ್ತಾ? ವಾರ್ಡ್ ಮತ್ತು ಗೆಳೆಯರು ಹೊಸ ಸ್ಟೋರಿಬೋರ್ಡ್ ಬರೆದರು. ಅದು ಒಪ್ಪಿಗೆಯಾಗಲಿಲ್ಲ. ಇನ್ನೊಂದು ಬರೆದರು. ವೀರರಿಗೆ ಮಾತ್ರ ಸಿಗುವ ಪುಸ್ತಕವನ್ನು ಹುಡುಕಿ ಹೋಗುವ ಕಥೆ. ಅದು ಒಪ್ಪಿಗೆಯಾಯಿತು. 2010ರಲ್ಲಿ ಶುರುವಾದ ಸರಣಿ 2018ರವರೆಗೆ ನಡೆಯಿತು.

ನಮ್ಮ ಹುಡುಗನಿಗೂ ನಾನು ಅದನ್ನೇ ಹೇಳಿದೆ: ನೂರು ಇರಲಿ, ಒಂದು ಮಾಡು. ಎರಡು ವಾರ ಬಿಟ್ಟು ಎಂಟು ಚೌಕ ಬರೆದುಕೊಂಡು ಬಂದ. ಮುಖ ಸಪ್ಪಗಿತ್ತು. "ಅಂಕಲ್, ಆಮೆಗೆ ಹಾರೋಕೆ ಬಂದ್ರೆ ಏನೂ ಕಷ್ಟಾನೇ ಆಗಲ್ಲ. ನರಿ ಬಂದ್ರೆ ಹಾರಿಹೋಗುತ್ತೆ, ಕಥೆ ಮುಗೀತು." ಪೈಲಟ್ ಮಾಡೋದೇ ಇದನ್ನು ಕಂಡುಹಿಡಿಯೋಕೆ ಕಣೋ ಅಂದೆ. ನೂರು ಹೆಸರು ಬರೆದಾಗ ಕಾಣದ್ದು ಎಂಟು ಚೌಕದಲ್ಲಿ ಕಂಡಿತ್ತು. ಅವನಿಗೆ ಸಮಾಧಾನವಾಗಲಿಲ್ಲ. ನೂರು ಹೆಸರೂ ದಂಡ ಆಯ್ತಲ್ಲ ಅಂತ ಗೊಣಗಿಕೊಂಡು ಹೋದ. ಮುಂದಿನ ಶನಿವಾರ ಬಂದಾಗ ಆಮೆಗೆ ಎತ್ತರ ಅಂದರೆ ಭಯ ಬಂದಿತ್ತು. ಚೌಕಗಳು ಹದಿನಾಲ್ಕಾಗಿದ್ದವು.

ಈಗ ನಿಮ್ಮ ಕೆಲಸ. ಒಂದು ಹಾಳೆಯನ್ನು ಮಡಚಿ ಎಂಟು ಚೌಕ ಮಾಡಿ. ಒಂದು ಪಾತ್ರ, ಅದಕ್ಕೆ ಬೇಕಾದ ಒಂದು ವಸ್ತು, ಅಡ್ಡ ಬರುವ ಒಂದು ತೊಂದರೆ. ಕಡ್ಡಿ ಮನುಷ್ಯರಾದರೂ ಸಾಕು. ಚೌಕದ ಕೆಳಗೆ ಮಾತು ಕನ್ನಡದಲ್ಲೇ ಇರಲಿ. ಪದ ಗೊತ್ತಿಲ್ಲದಿದ್ದರೆ ಜಾಗ ಖಾಲಿ ಬಿಟ್ಟು, ಅಜ್ಜಿ-ತಾತನಿಗೆ ಫೋನ್ ಮಾಡಿದಾಗ ಕೇಳಿ. ಅಪ್ಪ-ಅಮ್ಮಂದಿರೇ, ನೀವು ದಯವಿಟ್ಟು ಪೆನ್ಸಿಲ್ ಮುಟ್ಟಬೇಡಿ. ಪೂರ್ತಿ ಕೇಳಿ, ಎಲ್ಲಿ ನಗು ಬಂತು, ಎಲ್ಲಿ ಬೋರ್ ಆಯಿತು ಅಂತ ಮಾತ್ರ ಹೇಳಿ. ಹಾಳೆ ತಂದವರು ಗೋಡೆಗೆ ಅಂಟಿಸಿ, ಎರಡು ನಿಮಿಷದಲ್ಲಿ ಕಥೆ ಹೇಳಬೇಕು. ಕೋಲು ನಾನು ತರ್ತೀನಿ.